ಗೇರ್ ಬೀಳುತ್ತಿಲ್ಲವೋ, ನಿಲ್ಲುತ್ತಿಲ್ಲವೋ, ಎಳೆಯುತ್ತಿಲ್ಲವೋ?
ಬೈಕ್ ಗೇರ್ ಬಿಡುವ ಕಾಯಿಲೆಯನ್ನು ಗುರುತಿಸುವ ಬಗೆ



ಈ ಬಾರಿ ನಾವು ಬರೆಯುತ್ತಿರುವುದು ಬೈಕಿನ ವಿಷಯ. ನಮ್ಮ ಕಡೆ ಒಂದು ಮನೆಗೆ ಒಂದೇ ಬೈಕ್ ಇರುವುದು ಹೆಚ್ಚು. ಹಿರೇಹಾಳಿನಿಂದ ಬಳ್ಳಾರಿಯ ಆಸ್ಪತ್ರೆಗೆ ಹೋಗುವುದು, ರಾಯದುರ್ಗದಿಂದ ಮೊಳಕಾಲ್ಮೂರಿಗೆ ಹೋಗಿ ಬರುವುದು, ಮಡಕಶಿರದ ಕಡೆಯಿಂದ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಹಿಂದೂಪುರದ ಮಾರುಕಟ್ಟೆಗೆ ಹೊರಡುವುದು, ಮಕ್ಕಳನ್ನು ಕನ್ನಡ ಶಾಲೆಗೆ ಬಿಟ್ಟು ಬರುವುದು, ಎಲ್ಲವೂ ಆ ಒಂದು ಬೈಕಿನ ಮೇಲೆಯೇ. ಅದು ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯ ಕೆಲಸವೂ ನಿಂತ ಹಾಗೆ.

ಬೈಕಿನ ಕಾಯಿಲೆಗಳಲ್ಲಿ ಹೆಚ್ಚು ಖರ್ಚು ಹುಟ್ಟಿಸುವುದೂ, ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಈ 'ಗೇರ್ ಸ್ಲಿಪ್'. ಲಾರಿಯನ್ನು ದಾಟಲು ಆಕ್ಸಿಲರೇಟರ್ ಕೊಟ್ಟ ಕ್ಷಣದಲ್ಲೇ 'ಟಕ್' ಎಂದು ಗೇರ್ ಬಿಟ್ಟು ಇಂಜಿನ್ ಸುಮ್ಮನೆ ಕಿರುಚಿದರೆ ಅದು ಜೀವಕ್ಕೇ ಸಂಬಂಧಿಸಿದ ಮಾತು. ಆ ಹೆದರಿಕೆಯಲ್ಲಿ ನೇರವಾಗಿ ಹೋಗಿ ಇಂಜಿನ್ ಬಿಚ್ಚಿಸಿದರೆ, ಬರೀ ಲಿವರ್ ಬೋಲ್ಟ್ ಬಿಗಿ ಮಾಡಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ ಹೋಗಬಹುದು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ನಾವೇ ಏನು ನೋಡಬಹುದು, ಏನು ಬರೆದುಕೊಂಡು ಹೋಗಬೇಕು ಎಂಬುದನ್ನು ಇಲ್ಲಿ ಹೇಳುತ್ತೇವೆ. ಗೇರಿಲ್ಲದ ಸ್ಕೂಟರ್ ಮತ್ತು ಮೊಪೆಡ್‌ಗಳಿಗೆ ಈ ಬರಹ ಅನ್ವಯಿಸುವುದಿಲ್ಲ.

ಮೂರು ಮಾತು, ಮೂರು ಕಾಯಿಲೆ

'ಗೇರ್ ಸ್ಲಿಪ್ ಆಗ್ತಿದೆ' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ನಮ್ಮ ಆಡುಮಾತಿನಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳೇ ಇವೆ.

ಗೇರ್ ಬೀಳುತ್ತಿಲ್ಲ: ಲಿವರ್ ಒತ್ತಿದರೂ ಗೇರ್ ಸರಿಯಾಗಿ ಕೂರುವುದಿಲ್ಲ. ಅರ್ಧಕ್ಕೆ ನಿಲ್ಲುತ್ತದೆ, ಎರಡು ಮೂರು ಸಲ ಒತ್ತಬೇಕಾಗುತ್ತದೆ.

ಗೇರ್ ನಿಲ್ಲುತ್ತಿಲ್ಲ: ಗೇರ್ ಬಿದ್ದು, ಬೈಕ್ ಸ್ವಲ್ಪ ದೂರ ಚೆನ್ನಾಗಿಯೇ ಓಡಿ, ಆಮೇಲೆ ತಾನಾಗಿಯೇ ಬಿಟ್ಟುಹೋಗುತ್ತದೆ. ನಿಜವಾದ ಅರ್ಥದಲ್ಲಿ ಗೇರ್ ಜಾರುವುದು ಎಂದರೆ ಇದು.

ಬೈಕ್ ಎಳೆಯುತ್ತಿಲ್ಲ: ಗೇರ್ ಇದ್ದಲ್ಲೇ ಇದೆ, ಇಂಜಿನ್ ಶಬ್ದ ಏರುತ್ತದೆ, ಆದರೆ ಅದಕ್ಕೆ ತಕ್ಕಂತೆ ವೇಗ ಏರುವುದಿಲ್ಲ. ಇದು ಹೆಚ್ಚಾಗಿ ಕ್ಲಚ್ಚಿನ ದೋಷ, ಗೇರ್ ಬಾಕ್ಸಿನದಲ್ಲ.

ರಾಯದುರ್ಗದ ಗ್ಯಾರೇಜಿನಲ್ಲಿ ತೆಲುಗಿನಲ್ಲಿ ಹೇಳಬೇಕಾಗಿ ಬಂದರೂ ತೊಂದರೆಯಿಲ್ಲ. 'ಗೇರು ಪಡಟಂ ಲೇದು', 'ಗೇರು ನಿಲವಡಂ ಲೇದು', 'ಬಂಡಿ ಲಾಗಡಂ ಲೇದು' ಎಂದರೆ ಅದೇ ಮೂರು ಅರ್ಥ. ಯಾವ ಭಾಷೆಯಲ್ಲಾದರೂ ಹೇಳಿ, 'ಸ್ಲಿಪ್' ಎಂಬ ಪದ ಮಾತ್ರ ಬಿಟ್ಟುಬಿಡಿ. ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕಾಯಿಲೆ ಗೊತ್ತಾದಂತೆ.

ಗೇರ್ ಬಾಕ್ಸಿನ ಒಳಗೆ ಏನಿದೆ?

ಎರಡು ಶಾಫ್ಟ್‌ಗಳಿವೆ. ಒಂದಕ್ಕೆ ಕ್ಲಚ್ಚಿನ ಮೂಲಕ ಇಂಜಿನ್ನಿನ ಶಕ್ತಿ ಬರುತ್ತದೆ. ಇನ್ನೊಂದರ ತುದಿಯಲ್ಲಿ ಚೈನ್ ಓಡಿಸುವ ಮುಂದಿನ ಸ್ಪ್ರಾಕೆಟ್ ಇದೆ. ಒಂದೊಂದು ಗೇರಿಗೂ ಎರಡೆರಡು ಹಲ್ಲಿನ ಚಕ್ರಗಳ ಜೋಡಿ. ಗ್ಯಾರೇಜಿನವರು ಈ ಚಕ್ರಗಳನ್ನು ಪಿನಿಯನ್ ಎನ್ನುತ್ತಾರೆ. ಈ ಜೋಡಿಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಚಕ್ರ ಶಾಫ್ಟಿನ ಮೇಲೆ ಬಿಡಿಯಾಗಿ ತಿರುಗುತ್ತಿರುತ್ತದೆ. ಅದನ್ನು ಶಾಫ್ಟಿಗೆ ಬಂಧಿಸಿದಾಗ ಮಾತ್ರ ಆ ಗೇರ್ ಬಿದ್ದಂತೆ.

ಬಂಧಿಸುವ ಕೆಲಸ ಮಾಡುವುದು ಚಕ್ರದ ಪಕ್ಕದ ಮುಖದಲ್ಲಿರುವ ದಪ್ಪ ಗಟ್ಟಿ ಮೊಳೆಗಳು. ಇವುಗಳಿಗೆ 'ಡಾಗ್' ಎನ್ನುತ್ತಾರೆ. ಪಕ್ಕದ ಚಕ್ರ ಸರಿದು ಬಂದಾಗ ಅದರ ಡಾಗ್‌ಗಳು ಈ ಚಕ್ರದ ಕಿಂಡಿಗಳಲ್ಲಿ ಕೂರುತ್ತವೆ, ಬಾಗಿಲ ಅಗಳಿ ಕಿಂಡಿಯಲ್ಲಿ ಕೂರುವ ಹಾಗೆ. ಡಾಗಿನ ಮುಖವನ್ನು ತುಸು ಒಳವಾರೆಯಾಗಿ ಕಡಿದಿರುತ್ತಾರೆ. ಹಾಗಾಗಿ ಇಂಜಿನ್ ಎಳೆದಷ್ಟೂ ಎರಡೂ ಚಕ್ರಗಳು ಇನ್ನೂ ಹತ್ತಿರ ಸೆಳೆದುಕೊಳ್ಳುತ್ತವೆ. ಆ ಅಂಚು ಸವೆದು ದುಂಡಾದರೆ ಕೆಲಸ ತಿರುಗುಮುರುಗಾಗುತ್ತದೆ. ಎಳೆದಷ್ಟೂ ಒಂದನ್ನೊಂದು ದೂರ ತಳ್ಳುತ್ತವೆ. ಗೇರ್ ತಾನಾಗಿ ಬಿಡುವುದರ ಮುಖ್ಯ ಗುಟ್ಟು ಇದೇ.

ಚಕ್ರವನ್ನು ಸರಿಸುವುದು ಕವೆಯ ಆಕಾರದ ಫೋರ್ಕ್. ಫೋರ್ಕನ್ನು ಸರಿಸುವುದು ಗೇರ್ ಡ್ರಮ್. ಅದರ ಮೈಮೇಲೆ ಅಂಕುಡೊಂಕಾದ ಗಾಡಿಗಳನ್ನು ಕೊರೆದಿರುತ್ತಾರೆ, ಫೋರ್ಕಿನ ಮೊಳೆ ಆ ಗಾಡಿಯಲ್ಲಿ ಓಡುತ್ತದೆ. ನಾವು ಲಿವರ್ ಒತ್ತಿದಾಗ ಡ್ರಮ್ ಒಂದು ಹೆಜ್ಜೆ ತಿರುಗುತ್ತದೆ. ತಿರುಗಿದ ಡ್ರಮ್ ಅಲ್ಲೇ ನಿಲ್ಲಲೆಂದು ಅದರ ತುದಿಯಲ್ಲಿ ನಕ್ಷತ್ರದಂಥ ತಟ್ಟೆ ಇದೆ. ಗ್ಯಾರೇಜಿನಲ್ಲಿ ಇದು 'ಸ್ಟಾರ್'. ಸ್ಪ್ರಿಂಗಿನ ಬಲದಿಂದ ಒಂದು ಸಣ್ಣ ರೋಲರ್ ಈ ಸ್ಟಾರಿನ ತಗ್ಗಿನಲ್ಲಿ ಬಂದು ಕೂರುತ್ತದೆ. ಲಿವರ್ ಒತ್ತಿದಾಗ ಕಾಲಿಗೆ ಸಿಗುವ 'ಟಿಕ್' ಎಂಬ ಅನುಭವ ಅದರದ್ದೇ.

ಹೀಗೆ ಕಾಲಿನಿಂದ ಡಾಗಿನವರೆಗೆ ಒಂದು ಸರಪಳಿ ಇದೆ: ಲಿವರ್, ಲಿವರಿನ ಶಾಫ್ಟ್ ಮತ್ತು ಅದರ ಸ್ಪ್ರಿಂಗ್, ಸ್ಟಾರ್ ಮತ್ತು ರೋಲರ್, ಡ್ರಮ್, ಫೋರ್ಕ್, ಕೊನೆಗೆ ಡಾಗ್. ಮೊದಲಿನವು ಹೊರಗಿವೆ, ಸರಿಪಡಿಸುವುದು ಅಗ್ಗ. ಕೊನೆಯವು ಒಳಗಿವೆ, ಮುಟ್ಟಬೇಕಾದರೆ ಇಂಜಿನ್ ಇಳಿಸಬೇಕು. ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಕ್ಕೆ ಹೋಗಬೇಕು.

ಮನೆಯ ಅಂಗಳದಲ್ಲೇ ನೋಡುವುದು

ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ. ಚೈನ್ ಮುಟ್ಟುವ ಯಾವ ಕೆಲಸವನ್ನೂ ಇಂಜಿನ್ ಓಡುತ್ತಿರುವಾಗ ಮಾಡಬೇಡಿ. ಗೇರಿನಲ್ಲಿಟ್ಟು ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಪಂಚೆ, ಲುಂಗಿ, ಸೆರಗು ಚಕ್ರದಿಂದ ದೂರ ಇರಲಿ.

1. ಲಿವರ್ ಅಲುಗಾಟ. ಗೇರ್ ಲಿವರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಿ. ಶಾಫ್ಟ್ ತಿರುಗದೆ ಲಿವರ್ ಮಾತ್ರ ಅಲುಗಿದರೆ ಅದರ ಬೋಲ್ಟ್ ಸಡಿಲವಾಗಿದೆ ಅಥವಾ ಒಳಗಿನ ಸಣ್ಣ ಗೀರುಹಲ್ಲುಗಳು ಸವೆದಿವೆ. ಹೀಗಾದಾಗ ಕಾಲು ಪೂರ್ತಿ ಒತ್ತಿದರೂ ಡ್ರಮ್ ಪೂರ್ತಿ ತಿರುಗುವುದಿಲ್ಲ. ಬೋಲ್ಟ್ ಬಿಗಿ ಮಾಡಿ ನೋಡಿ, ಆಗದಿದ್ದರೆ ಲಿವರ್ ಬದಲಿಸಿ.

2. ಲಿವರಿಗೆ ಅಡ್ಡ. ಲಿವರ್ ಮೇಲಕ್ಕೂ ಕೆಳಕ್ಕೂ ಕೊನೆಯವರೆಗೆ ಹೋಗುತ್ತದೆಯೇ ನೋಡಿ. ಬೈಕ್ ಒಮ್ಮೆ ಬಿದ್ದಿದ್ದರೆ ಲಿವರ್ ಒಳಕ್ಕೆ ಬಾಗಿ ಇಂಜಿನ್ ಕವರಿಗೆ ತಾಗುತ್ತಿರಬಹುದು. ಲೆಗ್ ಗಾರ್ಡ್ ಅಥವಾ ಫುಟ್‌ರೆಸ್ಟ್ ಬಾಗಿ ಅಡ್ಡ ಬಂದಿರಬಹುದು. ಕೆಮ್ಮಣ್ಣಿನ ಧೂಳು ಗ್ರೀಸಿನ ಜೊತೆ ಸೇರಿ ಗಟ್ಟಿಯಾಗಿ ಲಿವರನ್ನು ಹಿಡಿದಿಟ್ಟಿರಬಹುದು.

3. ಲಿವರ್ ವಾಪಸ್ ಬರುವುದು. ಒತ್ತಿ ಬಿಟ್ಟ ಮೇಲೆ ಲಿವರ್ ತಾನಾಗಿ ಮೊದಲಿನ ಜಾಗಕ್ಕೆ ಬರಬೇಕು. ಬಾರದಿದ್ದರೆ ಒಳಗಿನ ರಿಟರ್ನ್ ಸ್ಪ್ರಿಂಗ್ ಮುರಿದಿದೆ ಅಥವಾ ಅದು ಆತುಕೊಳ್ಳುವ ಬೋಲ್ಟ್ ಸಡಿಲಾಗಿದೆ. ಆಗ ಒಂದು ಗೇರ್ ಬೀಳುತ್ತದೆ, ಮುಂದಿನದು ಬೀಳುವುದಿಲ್ಲ.

4. ಕ್ಲಚ್ ಸಡಿಲ. ಕ್ಲಚ್ ಹಿಡಿಯನ್ನು ಎಳೆದಾಗ ತಂತಿ ಬಿಗಿಯಾಗುವ ಮುನ್ನ ತುದಿಯಲ್ಲಿ ಸ್ವಲ್ಪ ಸಡಿಲ ಇರಬೇಕು. ಹೆಚ್ಚಿನ ಸಣ್ಣ ಬೈಕ್‌ಗಳಿಗೆ ಅದು 10ರಿಂದ 20 ಮಿ.ಮೀ. ಅದಕ್ಕಿಂತ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಒರಟಾಗಿ ಬೀಳುತ್ತದೆ ಅಥವಾ ಅರ್ಧ ಬೀಳುತ್ತದೆ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಬೈಕ್ ಎಳೆಯುವುದಿಲ್ಲ.

5. ಚೈನ್ ಮತ್ತು ಸ್ಪ್ರಾಕೆಟ್. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಒಂದು ಪಕ್ಕಕ್ಕೆ ಬಾಗಿದ್ದರೆ, ಭಾರ ಬಿದ್ದಾಗ ಚೈನ್ ಹಲ್ಲು ಹಾರುತ್ತದೆ. 'ಕಟ ಕಟ' ಎಂದು ಬೈಕ್ ಜಗ್ಗುತ್ತದೆ. ಇದನ್ನು ಎಷ್ಟೋ ಜನ ಗೇರ್ ಬಿಡುತ್ತಿದೆ ಎಂದೇ ತಿಳಿಯುತ್ತಾರೆ. ಚೈನ್ ಎಷ್ಟು ಸಡಿಲ ಇರಬೇಕೆಂದು ಬೈಕಿನ ಪುಸ್ತಕದಲ್ಲಿ ಇರುತ್ತದೆ. ಸಣ್ಣ ಬೈಕ್‌ಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಸುಪಾಸು.

6. ಕೈಯಲ್ಲಿ ಗೇರ್ ಹಾಕಿ ನೋಡುವುದು. ಇಂಜಿನ್ ಆಫ್ ಇರುವಾಗಲೇ ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಲಿವರ್ ಒತ್ತಿ ಒಂದೊಂದೇ ಗೇರ್ ಹಾಕಿ. ಪ್ರತಿ ಗೇರಿಗೂ ಒಂದು ಸ್ಪಷ್ಟವಾದ 'ಟಿಕ್' ಸಿಗಬೇಕು. ಎಲ್ಲ ಗೇರುಗಳಲ್ಲೂ ಟಿಕ್ ಮಂದವಾಗಿದ್ದರೆ ಸ್ಟಾರ್, ರೋಲರ್ ಮತ್ತು ಅದರ ಸ್ಪ್ರಿಂಗಿನ ಮೇಲೆ ಅನುಮಾನ ಪಡಿ.

ಆಯಿಲ್ ವಿಷಯವನ್ನೂ ಇಲ್ಲೇ ಹೇಳಬೇಕು. ಈಗಿನ ನಾಲ್ಕು ಸ್ಟ್ರೋಕ್ ಬೈಕ್‌ಗಳಲ್ಲಿ ಇಂಜಿನ್, ಕ್ಲಚ್, ಗೇರ್ ಬಾಕ್ಸ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್. ಕಾರಿಗೆ ಹಾಕುವ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ಅಂಶ ಇರಬಹುದು. ಅದನ್ನು ಬೈಕಿಗೆ ಹಾಕಿದರೆ ಕ್ಲಚ್ ಪ್ಲೇಟ್ ಜಾರುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂಬ ಗುರುತು ಇದ್ದರೆ ಅದು ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂದರ್ಥ.

ರಸ್ತೆಯಲ್ಲಿ ನೋಡಿ ಬರೆದುಕೊಳ್ಳುವುದು

ಮೇಲಿನದ್ದೆಲ್ಲ ಸರಿಯಿದ್ದು ಕಾಯಿಲೆ ಹಾಗೇ ಇದ್ದರೆ, ಬೆಳಗಿನ ಹೊತ್ತು ವಾಹನಗಳಿಲ್ಲದ ಹಳ್ಳಿಯ ರಸ್ತೆಯಲ್ಲಿ ಒಬ್ಬರೇ, ಹೆಲ್ಮೆಟ್ ಹಾಕಿಕೊಂಡು, ಓಡಿಸಿ ನೋಡಿ. ಹೆದ್ದಾರಿಯಲ್ಲಿ ಈ ಪರೀಕ್ಷೆ ಬೇಡ. ನೋಡಬೇಕಾದದ್ದು ಎರಡೇ: ಯಾವ ಗೇರಿನಲ್ಲಿ ಬಿಡುತ್ತದೆ? ಯಾವಾಗ ಬಿಡುತ್ತದೆ?

ಒಂದೊಂದು ಗೇರಿನಲ್ಲೂ ನಾಲ್ಕು ಕೆಲಸ ಮಾಡಿ. ಆಕ್ಸಿಲರೇಟರ್ ಕೊಟ್ಟು ಎಳೆಸಿ. ಒಂದೇ ವೇಗದಲ್ಲಿ ಸ್ವಲ್ಪ ದೂರ ಹೋಗಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಂಜಿನ್ನಿನ ಹಿಡಿತದಲ್ಲೇ ವೇಗ ಇಳಿಯಲು ಬಿಡಿ. ನಿಧಾನವಾಗಿ ಒಂದು ಸಣ್ಣ ತಗ್ಗು ಅಥವಾ ಹಂಪ್ ದಾಟಿ. ಬಿಟ್ಟುಹೋದ ಕೂಡಲೇ ನ್ಯೂಟ್ರಲ್ ದೀಪ ಹತ್ತಿತೇ ಇಲ್ಲವೇ ಎಂಬುದನ್ನೂ ನೋಡಿಕೊಳ್ಳಿ. ಮನೆಗೆ ಬಂದು ಒಂದು ಚೀಟಿಯಲ್ಲಿ ಬರೆಯಿರಿ.

ಕೊನೆಯದಾಗಿ ಟಾಪ್ ಗೇರಿನಲ್ಲಿ 35-40 ಕಿ.ಮೀ. ವೇಗದಲ್ಲಿ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ಕೊಡಿ. ಇಂಜಿನ್ ಶಬ್ದ ಮೊದಲು ಏರಿ, ವೇಗ ಹಿಂದೆ ಉಳಿದರೆ ಅದು ಕ್ಲಚ್ ಜಾರುವಿಕೆ. ಗೇರ್ ಬಿಟ್ಟಾಗ ಹಾಗಾಗುವುದಿಲ್ಲ. 'ಟಕ್' ಎಂಬ ಏಟು ಕೇಳಿಸಿ ಎಳೆತ ಪೂರ್ತಿ ನಿಂತುಹೋಗುತ್ತದೆ, ಲಿವರನ್ನು ಮತ್ತೆ ಒತ್ತಿದರೆ ಮತ್ತೆ ಹಿಡಿಯುತ್ತದೆ.

ಚೀಟಿ ಏನು ಹೇಳುತ್ತದೆ?

ಒಂದೇ ಗೇರ್, ಎಳೆಯುವಾಗ ಮಾತ್ರ ಬಿಡುತ್ತದೆ: ಆ ಗೇರಿನ ಡಾಗ್‌ಗಳು ಅಥವಾ ಅವು ಕೂರುವ ಕಿಂಡಿಗಳ ಅಂಚು ಸವೆದಿವೆ. ಏರಿನಲ್ಲಿ, ಹಿಂದೆ ಇಬ್ಬರು ಕೂತಾಗ ಇದು ಹೆಚ್ಚು.

ಒಂದೇ ಗೇರ್, ಆಕ್ಸಿಲರೇಟರ್ ಬಿಟ್ಟಾಗ ಬಿಡುತ್ತದೆ: ಅದೇ ಡಾಗ್‌ನ ಹಿಂದಿನ ಮುಖ ಸವೆದಿದೆ. ಇಳಿಜಾರಿನಲ್ಲಿ ಗಮನಕ್ಕೆ ಬರುತ್ತದೆ.

ಎರಡು ಗೇರುಗಳಲ್ಲಿ ಬಿಡುತ್ತದೆ, ಉಳಿದವು ಸರಿ: ಒಂದು ಫೋರ್ಕ್ ಸಾಮಾನ್ಯವಾಗಿ ಎರಡು ಗೇರ್‌ಗಳನ್ನು ನೋಡಿಕೊಳ್ಳುತ್ತದೆ. ಆ ಎರಡಕ್ಕೂ ಒಂದೇ ಫೋರ್ಕ್ ಇದ್ದರೆ ಅದು ಬಾಗಿದೆ ಅಥವಾ ಸವೆದಿದೆ ಎಂಬ ಅನುಮಾನ ಬಲವಾಗುತ್ತದೆ.

ಎಲ್ಲ ಗೇರುಗಳಲ್ಲೂ, ತಗ್ಗು ದಾಟುವಾಗ ಬಿಡುತ್ತದೆ: ಮೊದಲು ಸ್ಟಾರ್, ರೋಲರ್, ಸ್ಪ್ರಿಂಗ್ ನೋಡಿ. ಹಿಮ್ಮಡಿಯಿಂದಲೂ ಒತ್ತುವ ಉದ್ದನೆಯ ಲಿವರ್ ಇದ್ದರೆ, ತಗ್ಗಿನಲ್ಲಿ ಹಿಮ್ಮಡಿ ಲಿವರಿಗೆ ತಾಗುತ್ತಿದೆಯೇ ಎಂದೂ ನೋಡಿಕೊಳ್ಳಿ. ಚಪ್ಪಲಿ ಹಾಕಿ ಓಡಿಸುವವರಲ್ಲಿ ಇದು ಸಾಮಾನ್ಯ.

ಗೇರ್ ಬದಲಿಸುವಾಗ ಮಾತ್ರ ಖಾಲಿ ಹೋಗುತ್ತದೆ, ಬಿದ್ದ ಮೇಲೆ ಬಿಡುವುದಿಲ್ಲ: ಲಿವರ್, ಕ್ಲಚ್ ತಂತಿ, ರಿಟರ್ನ್ ಸ್ಪ್ರಿಂಗ್ ನೋಡಿ. ಅಥವಾ ನಾವು ಅರ್ಧ ಒತ್ತುತ್ತಿರಬಹುದು. ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ ಇರುವ ಬೈಕ್‌ಗಳಲ್ಲಿ ಒಂದು ಮತ್ತು ಎರಡರ ನಡುವೆ ನ್ಯೂಟ್ರಲ್ ಇರುತ್ತದೆ. ಅಲ್ಲಿ ಕಾಲು ಹಗುರಾದರೆ ನ್ಯೂಟ್ರಲ್ಲಿಗೆ ಬಿದ್ದು ಹಸಿರು ದೀಪ ಹತ್ತುತ್ತದೆ, ಅದು ಕಾಯಿಲೆಯಲ್ಲ. ಸ್ಪ್ಲೆಂಡರ್‌ನಂತೆ ನಾಲ್ಕೂ ಗೇರುಗಳನ್ನು ಮುಂದಕ್ಕೇ ಒತ್ತುವ ಬೈಕ್‌ಗಳಲ್ಲಿ ಆ ನಡುವಿನ ನ್ಯೂಟ್ರಲ್ ಇಲ್ಲ. ಅಲ್ಲಿ ಎರಡು ಗೇರುಗಳ ನಡುವೆ ದೀಪವಿಲ್ಲದೆ ಖಾಲಿ ಹೋದರೆ ಗೇರ್ ಪೂರ್ತಿ ಕೂತಿಲ್ಲ ಎಂದೇ ಅರ್ಥ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ. 'ಅಣ್ಣಾ, ಮೂರನೇ ಗೇರು, ಎಳೆಯುವಾಗ ಮಾತ್ರ ಬಿಡುತ್ತೆ, ಉಳಿದದ್ದು ಸರಿ ಇದೆ' ಎಂದರೆ ಅವರ ಅರ್ಧ ಕೆಲಸ ಉಳಿಯುತ್ತದೆ. ಒಳ್ಳೆಯ ಮೆಕ್ಯಾನಿಕ್ ಇಂಥ ಗಿರಾಕಿಯನ್ನು ಇಷ್ಟಪಡುತ್ತಾರೆ.

ಹೊರಗಿನ ದೋಷವಲ್ಲ ಎಂದು ಖಚಿತವಾದರೆ ಮುಂದಿನ ಹೆಜ್ಜೆ ಕ್ಲಚ್ ಕವರ್ ಬಿಚ್ಚುವುದು. ನಮ್ಮ ಕಡೆ ಹೆಚ್ಚು ಓಡುವ ಸಣ್ಣ ನಾಲ್ಕು ಸ್ಟ್ರೋಕ್ ಬೈಕ್‌ಗಳಲ್ಲಿ ಸ್ಟಾರ್, ರೋಲರ್, ರಿಟರ್ನ್ ಸ್ಪ್ರಿಂಗ್‌ಗಳು ಬಲಗಡೆಯ ಕವರಿನ ಒಳಗೆ, ಕ್ಲಚ್ಚಿನ ಹಿಂದೆ ಸಿಗುತ್ತವೆ. ಇದಕ್ಕೆ ಇಂಜಿನ್ ಇಳಿಸಬೇಕಾಗಿಲ್ಲ. 'ಇಂಜಿನ್ ಇಳಿಸುವ ಮೊದಲು ಕ್ಲಚ್ ಕವರ್ ಬಿಚ್ಚಿ ಸ್ಟಾರ್ ನೋಡ್ತೀರಾ?' ಎಂದು ಕೇಳುವ ಹಕ್ಕು ನಮಗಿದೆ.

ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಲ್ಲಿ. ನುಣ್ಣನೆಯ ಬೂದು ಕೆಸರು ಸ್ವಲ್ಪ ಇದ್ದರೆ ಅದು ಸಹಜ ಸವೆತ. ಹೊಳೆಯುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು; ಡಾಗ್ ಅಥವಾ ಹಲ್ಲಿನ ಅಂಚು ಮುರಿದಿರುವ ಸಂಭವ ಹೆಚ್ಚು. ಅಂಟದಿದ್ದರೆ ಅಲ್ಯೂಮಿನಿಯಂ, ಅದು ಬೇರೆ ಭಾಗದಿಂದ ಬಂದದ್ದು. ಉಕ್ಕಿನ ಚೂರು ಕಂಡ ಬೈಕನ್ನು ಮತ್ತೆ ಓಡಿಸಬೇಡಿ. ಒಂದು ಚೂರು ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವಾಗಲೇ ಹಿಂದಿನ ಚಕ್ರ ಕಟ್ಟಿ ನಿಲ್ಲಬಹುದು.

ಇಂಜಿನ್ ಇಳಿಸಿ ಬಿಚ್ಚಲೇಬೇಕಾದರೆ, ಬಿಚ್ಚಿದ ಮೇಲೆ ಭಾಗಗಳನ್ನು ತೋರಿಸಲು ಕೇಳಿ. ಡಾಗಿನ ಅಂಚು ಚೂಪಾಗಿದೆಯೇ, ಬಳಸಿದ ಸಾಬೂನಿನ ಮೂಲೆಯಂತೆ ದುಂಡಾಗಿದೆಯೇ? ಫೋರ್ಕಿನ ತುದಿ ಒಂದು ಪಕ್ಕ ಸವೆದು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದೆಯೇ? ತಿರುಗಿದ್ದರೆ ಅದು ಉಜ್ಜಿ ಸುಟ್ಟ ಗುರುತು. ಡ್ರಮ್ಮಿನ ಗಾಡಿಯ ಅಂಚು ಕಿತ್ತಿದೆಯೇ? ಶಾಫ್ಟಿನ ಬೇರಿಂಗ್ ಅಲುಗುತ್ತದೆಯೇ? ಚಕ್ರಗಳನ್ನು ಜಾಗದಲ್ಲಿ ಹಿಡಿದಿಡುವ ಸರ್ಕ್ಲಿಪ್ ತನ್ನ ಗಾಡಿಯಲ್ಲೇ ಇದೆಯೇ?

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಡಾಗ್ ಸವೆದಿದ್ದರೆ ಅದು ಕೂರುವ ಕಿಂಡಿಯ ಚಕ್ರವೂ ಸವೆದಿರುತ್ತದೆ. ಹೊಸದನ್ನು ಹಳೆಯದರ ಜೊತೆ ಕೂಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಎರಡನ್ನೂ ಸೇರಿಸಿ ಬದಲಿಸಿ, ಅನುಮಾನವಿದ್ದರೆ ಫೋರ್ಕನ್ನೂ ಬದಲಿಸಿ, ಸರ್ಕ್ಲಿಪ್‌ಗಳು ಹೊಸವೇ ಇರಲಿ. ಎರಡನೆಯದು, ಸವೆದ ಡಾಗಿಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುವ ಪದ್ಧತಿ ಇದೆ. ಈ ಚಕ್ರಗಳ ಮೇಲ್ಪದರವನ್ನು ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಆ ಗಟ್ಟಿತನ ಹೋಗುತ್ತದೆ. ಇಂದು ಉಳಿದ ಹಣ ಮುಂದೆ ಇಂಜಿನ್ನನ್ನು ಇನ್ನೊಮ್ಮೆ ಇಳಿಸುವುದಕ್ಕೆ ಹೋಗುತ್ತದೆ.

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಬೈಕ್ ತಯಾರಿಸಿತು. 1973ರಿಂದ ಅವು ಯೆಜ್ಡಿ ಹೆಸರಿನಲ್ಲಿ ಬಂದವು. ಅಪ್ಪನ ಕಾಲದ ಆ ಬೈಕನ್ನು ಪ್ರೀತಿಯಿಂದ ಇಟ್ಟುಕೊಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವುಗಳ ವ್ಯವಸ್ಥೆ ಬೇರೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಲಿವರ್ ಒತ್ತಿದಾಗ ಒಳಗೆ ಕ್ಲಚ್ ಕೂಡ ತಾನಾಗಿ ಬಿಡುವ ಏರ್ಪಾಡಿದೆ. ಹಾಗಾಗಿ ಕೈ ಹಿಡಿಯ ತಂತಿಯನ್ನು ಮಾತ್ರ ಹೊಂದಿಸಿದರೆ ಸಾಲದು, ಒಳಗಿನ ಕ್ಲಚ್ ಹೊಂದಾಣಿಕೆಯೂ ಸರಿಯಿರಬೇಕು. ಇಂಜಿನ್ನಿನ ಆಯಿಲ್ ಪೆಟ್ರೋಲಿನಲ್ಲಿ ಬೆರೆತು ಹೋಗುವುದರಿಂದ ಗೇರ್ ಬಾಕ್ಸಿಗೆ ಬೇರೆಯೇ ಆಯಿಲ್ ಇದೆ. ಪೆಟ್ರೋಲಿಗೆ ಆಯಿಲ್ ಹಾಕಿದೆವಲ್ಲ ಎಂದು ಇದನ್ನು ಮರೆಯುವುದೇ ಹೆಚ್ಚು. ಈ ಬೈಕ್‌ಗಳನ್ನು ಅವುಗಳ ಕೆಲಸ ಗೊತ್ತಿರುವ ಹಳೆಯ ಮೇಸ್ತ್ರಿಗಳಿಗೇ ತೋರಿಸಿ.

ಗಡಿಯಾಚೆಯ ಹಳೆ ಬೈಕ್ ಕೊಳ್ಳುವಾಗ

1953ರಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಆದರೆ ನಮ್ಮ ಸಂತೆ, ನೆಂಟಸ್ತಿಕೆ, ವ್ಯಾಪಾರ ಇಂದಿಗೂ ಎರಡೂ ಕಡೆ. ಕೆಎ 34ರ ಹಳೆ ಬೈಕನ್ನು ಈ ಕಡೆಯವರು ಕೊಳ್ಳುವುದು, ಎಪಿ 02ರ ಬೈಕ್ ಆ ಕಡೆ ಹೋಗುವುದು ಸಾಮಾನ್ಯ. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೂ ಶಿರಾ, ಪಾವಗಡದ ಜೊತೆ ಅಲ್ಲಿನವರ ಕೊಡುಕೊಳ್ಳುವಿಕೆ ಹಾಗೇ ಇದೆ.

ಬೇರೆ ರಾಜ್ಯದ ಬೈಕ್ ಎಂದರೆ ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಅದಕ್ಕೆ ಫಾರಂ 28. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆಯನ್ನೂ ಪಡೆಯಬೇಕು. ಇಷ್ಟು ಕಾಗದ ಓಡಾಡಿದ ಮೇಲೆ ಗೇರ್ ನಿಲ್ಲುತ್ತಿಲ್ಲ ಎಂದು ಗೊತ್ತಾದರೆ ಬೈಕ್ ವಾಪಸ್ ಕೊಡುವುದು ಸುಲಭವಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಮೇಲೆ ಹೇಳಿದ ಪರೀಕ್ಷೆ ಮಾಡಿ. ಮನೆಯ ಮುಂದೆ ಒಂದು ಸುತ್ತು ಹಾಕಿದರೆ ಸಾಲದು. ಎಲ್ಲ ಗೇರುಗಳಲ್ಲೂ ಎಳೆಸಿ, ಬಿಟ್ಟು ನೋಡಬೇಕು. ಸಾಧ್ಯವಾದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಓಡಿಸಿ. ಒಬ್ಬರೇ ಇದ್ದಾಗ ಅಡಗಿರುವ ದೋಷ ಭಾರ ಬಿದ್ದಾಗ ಹೊರಬರುತ್ತದೆ. ಮಾರುವವರು ಬೇಡ ಎಂದರೆ ನೀವೂ ಬೇಡ ಎನ್ನಿ.

ಗೇರ್ ಬಾಳಿಕೆ ಬರಲು

ಓಡಿಸುವಾಗ ಕಾಲನ್ನು ಗೇರ್ ಲಿವರ್ ಮೇಲೆ ಊರಿಡಬೇಡಿ. ಆ ಭಾರ ಫೋರ್ಕಿನ ಮೇಲೆ ಬಿದ್ದು ಅದು ಸದಾ ಚಕ್ರಕ್ಕೆ ಉಜ್ಜುತ್ತದೆ. ಗೇರ್ ಬದಲಿಸುವಾಗ ಕ್ಲಚ್ ಪೂರ್ತಿ ಒತ್ತಿ, ಲಿವರ್ ಕೊನೆಯವರೆಗೆ ಒತ್ತಿ, ಗೇರ್ ಕೂತ ಮೇಲೆ ಕ್ಲಚ್ ಬಿಡಿ. ಅರ್ಧ ಬಿದ್ದ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಡಾಗಿನ ತುದಿ ಮಾತ್ರ ಭಾರ ಹೊತ್ತು ಬೇಗ ದುಂಡಾಗುತ್ತದೆ. ಕಡಲೆಕಾಯಿ ಚೀಲವೋ ಹಾಲಿನ ಕ್ಯಾನೋ ಹೇರಿದ್ದಾಗ ಎರಡನೇ ಗೇರಿನಲ್ಲಿ ಹೊರಡಬೇಡಿ. ಆಯಿಲನ್ನು ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಬದಲಿಸಿ. ಧೂಳಿನ ದಾರಿಯಲ್ಲಿ ಓಡುವ ಬೈಕಿಗೆ ಇನ್ನೂ ಸ್ವಲ್ಪ ಮೊದಲೇ ಬದಲಿಸಿದರೆ ಒಳ್ಳೆಯದು.

ದಾರಿಯಲ್ಲೇ ಗೇರ್ ಬಿಟ್ಟರೆ ಗಾಬರಿಯಾಗಿ ಲಿವರನ್ನು ಒದೆಯಬೇಡಿ. ಮೊದಲು ಆಕ್ಸಿಲರೇಟರ್ ಬಿಡಿ, ಕ್ಲಚ್ ಹಿಡಿಯಿರಿ, ಹಿಂದಿನ ವಾಹನಗಳನ್ನು ನೋಡಿಕೊಂಡು ಎಡಕ್ಕೆ ಬನ್ನಿ, ಆಮೇಲೆ ಗೇರ್ ಹಾಕಿ. ಒಂದು ಗೇರ್ ನಿಲ್ಲುತ್ತಿಲ್ಲ ಎಂದು ಗೊತ್ತಿರುವ ಬೈಕಿನಲ್ಲಿ ಲಾರಿ ದಾಟಲು ಹೋಗಬೇಡಿ, ಮಕ್ಕಳನ್ನು ಕೂರಿಸಬೇಡಿ. ಮೂರನೆಯದು ಕೆಟ್ಟರೆ ಎರಡರಿಂದ ನಾಲ್ಕಕ್ಕೆ ಹಾಕಿಕೊಂಡು ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಅದು ಉಳಿತಾಯವಲ್ಲ, ಒಳಗೆ ಚೂರು ಮುರಿಯುವವರೆಗೆ ಕಾಯುವುದು ಅಷ್ಟೇ.

ಸಂಘದ ಕಾರ್ಯಕ್ರಮಗಳಿಗೆ ಸದಸ್ಯರು ದೂರದ ಊರುಗಳಿಂದ ಬೈಕಿನಲ್ಲೇ ಬಂದು, ರಾತ್ರಿ ಮುಗಿಸಿಕೊಂಡು ಹೊರಡುತ್ತೀರಿ. ಎಲ್ಲರೂ ಕ್ಷೇಮವಾಗಿ ಮನೆ ಮುಟ್ಟಬೇಕು ಎಂಬುದೇ ಈ ಬರಹದ ಉದ್ದೇಶ. ಕೆಳಗಿನ ಸಾಲುಗಳನ್ನು ಬರೆದುಕೊಂಡು ಬೈಕಿನ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಗ್ಯಾರೇಜಿಗೆ ಹೋಗುವಾಗ ತುಂಬಿಸಿ ಕೊಟ್ಟರೆ ಸಾಕು.

ಗೇರ್ ಬೀಳುತ್ತಿಲ್ಲ / ನಿಲ್ಲುತ್ತಿಲ್ಲ / ಬೈಕ್ ಎಳೆಯುತ್ತಿಲ್ಲ:
ಯಾವ ಗೇರ್:
ಎಳೆಯುವಾಗ / ಒಂದೇ ವೇಗದಲ್ಲಿ / ಆಕ್ಸಿಲರೇಟರ್ ಬಿಟ್ಟಾಗ / ತಗ್ಗಿನಲ್ಲಿ:
ನ್ಯೂಟ್ರಲ್ ದೀಪ ಹತ್ತಿತೇ:
ಒಬ್ಬರಿದ್ದಾಗಲೋ, ಭಾರವಿದ್ದಾಗಲೋ:
ಆಯಿಲ್ ಬದಲಿಸಿದ್ದು ಯಾವಾಗ, ಯಾವ ಆಯಿಲ್:
ಬೈಕ್ ಇತ್ತೀಚೆಗೆ ಬಿದ್ದಿತ್ತೇ: